ಅತ್ತೆ ಒಪ್ಪದ ಕಾಲಂ

ಊರಿನ ಅರ್ಧ ಜನರ ವೀಸಾ ಅರ್ಜಿ ತುಂಬಿಕೊಟ್ಟ ಕೈ ಅವಳದು. ಅಂಥವಳ ಸ್ವಂತ ಅತ್ತೆಯ ಅರ್ಜಿಯೇ ತಿರಸ್ಕಾರವಾಗಿ ವಾಪಸ್ ಬಂತು. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆಳಗ್ಗೆ ಹನ್ನೊಂದು ಗಂಟೆ. ಪಾಸ್‌ಪೋರ್ಟ್ ಆಫೀಸಿನ ಎದುರಿನ ಸಣ್ಣ ಅಂಗಡಿ. ಎರಡು ಕಂಪ್ಯೂಟರು, ಬೆನ್ನು ತಟ್ಟಿದರೆ ಮಾತ್ರ ಕಾಗದ ಬಿಡುವ ಒಂದು ಪ್ರಿಂಟರು, ಗೋಡೆಗೆ ಒರಗಿಸಿದ ಬೆಂಚು. ಗಾಜಿನ ಆಚೆ ಒಬ್ಬ ಗಿರಾಕಿ ತನ್ನ ಭಾವಮೈದುನ ವಿದೇಶಕ್ಕೆ ಹೋದದ್ದು ಯಾಕೆ ಎಂಬುದನ್ನು ತಾತನ ಕಾಲದಿಂದ ಹಿಡಿದು ಹೇಳುತ್ತಿದ್ದ.

"ಕತೆ ಬೇಡಣ್ಣ, ಇಸವಿ ಹೇಳಿ," ಎಂದಳು ಅವಳು, ಎಂದಿನಂತೆ. ಅಷ್ಟರಲ್ಲಿ ಈ-ಮೇಲ್ ಬಂದ ಸದ್ದಾಯಿತು.

ಎರಡೇ ಕಾರಣ ಕೊಟ್ಟಿದ್ದರು. ಒಂದು: ಅತ್ತೆ, ಜೊತೆಗೆ ಹೊರಟ ಅವರ ಅಕ್ಕ, ಅರ್ಜಿದಾರರಿಬ್ಬರೂ ತಾವು ಅಕ್ಕತಂಗಿಯರು ಎಂದಿದ್ದಾರೆ, ಜನನ ಪತ್ರಗಳಲ್ಲಿ ತಂದೆಯ ಹೆಸರು ಬೇರೆ ಬೇರೆ ಇದೆ. ಎರಡು: ಮಗನಿಗೆ ಎಂಟು ವರ್ಷದ ಮಗಳಿದ್ದಾಳೆ ಎಂದು ತಾಯಿ ಸಂದರ್ಶನದಲ್ಲಿ ಹೇಳಿದ್ದಾರೆ, ಆಹ್ವಾನ ಪತ್ರದ ಒಂಬತ್ತನೇ ಕಾಲಂ ಪ್ರಕಾರ ಆ ಮಗುವಿಗೂ ಮಗನಿಗೂ ಸಂಬಂಧವಿಲ್ಲ. ಅರವತ್ತು ದಿನದೊಳಗೆ ಒಮ್ಮೆ ಮಾತ್ರ ಮತ್ತೆ ಅರ್ಜಿ ಹಾಕಬಹುದು. ಆಗಲೂ ತಿರಸ್ಕಾರವಾದರೆ ಎರಡು ವರ್ಷ ಬಾಗಿಲು ಬಂದ್.

ಪಕ್ಕದ ಮೇಜಿನ ನೋಟರಿ ಮಾಮ ಕನ್ನಡಕ ಹಣೆಗೇರಿಸಿ ಬಗ್ಗಿ ಓದಿದರು. "ಮೊದಲ್ನೇದು ಬಿಡು ತಾಯಿ, ಯಾವನೋ ಗುಮಾಸ್ತ ನಿದ್ದೆಗಣ್ಣಲ್ಲಿ ಬರೆದಿರ್ತಾನೆ. ಎರಡ್ನೇದು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೆತ್ತಗೆ, "ನಿನ್ನ ಗಂಡ ಅವರಮ್ಮನಿಗೆ ನಿನ್ನ ಮೊದಲ ಮದುವೆ ವಿಷಯ ಹೇಳಿದಾನೆ ತಾನೇ?" ಎಂದು ಕೇಳಿದರು.

"ಹೇಳಿರ್ತಾನೆ ಮಾಮ," ಎಂದಳು. ಆದರೆ ಆ ಪ್ರಶ್ನೆ ಅಂಗಾಲಿನ ಮುಳ್ಳಿನ ಹಾಗೆ ಸಂಜೆಯವರೆಗೂ ಅವಳ ಜೊತೆಗೇ ನಡೆಯಿತು.

ಅವನು ಪರದೇಶದವನು. ಲಿಫ್ಟ್ ರಿಪೇರಿ ಮಾಡುವವನು. ಮೂರು ವರ್ಷದ ಹಿಂದೆ ಇದೇ ಗಾಜಿನ ಮುಂದೆ ವಾಸದ ಪರವಾನಗಿ ನವೀಕರಿಸಲು ಬಂದು ನಿಂತಾಗ ಅವನಿಗೆ ಬರುತ್ತಿದ್ದದ್ದು ನಾಲ್ಕೇ ಕನ್ನಡ ಪದ: ಮೇಲೆ, ಕೆಳಗೆ, ಬಾಗಿಲು, ನಿಲ್ಲಿ. ಅರ್ಜಿ ಮುಗಿಸಿಕೊಂಡು ಹೋದವನು ವಾರದೊಳಗೆ ಮತ್ತೆ ಬಂದ, ಹುಟ್ಟಿದ ದಿನ ತಪ್ಪಾಗಿದೆ ಎಂದು. ಮತ್ತೊಂದು ವಾರಕ್ಕೆ ತನ್ನ ಹೆಸರೇ ತಪ್ಪಾಗಿದೆ ಎಂದು.

"ನಿಮ್ಮ ಹೆಸರೇ ನಿಮಗೆ ಬರೆಯೋಕೆ ಬರಲ್ವಾ?" ಎಂದು ಗದರಿದ್ದಳು ಅವಳು.

ಅವನು ಜೇಬಿನಿಂದ ಚೀಟಿ ತೆಗೆದು, ಯಾರ ಹತ್ತಿರವೋ ಬರೆಸಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ್ದ. "ಬರುತ್ತೆ ಮೇಡಂ. ಸರಿ ಬರೆದ್ರೆ ನೀವು ಮತ್ತೆ ಕರೆಯಲ್ಲ."

ನೋಟರಿ ಮಾಮ ಒಂದು ವಾರ ನಕ್ಕಿದ್ದರು. ಅವಳು ಮಾತ್ರ ನಗದೆ, ಮುಂದಾಗುವುದನ್ನು ಮೊದಲೇ ತಡೆಯುವವಳಂತೆ, "ನನಗೆ ಐದು ವರ್ಷದ ಮಗಳಿದ್ದಾಳೆ," ಎಂದಿದ್ದಳು. ಅವನು ಗಂಭೀರವಾಗಿ ಯೋಚಿಸಿ ಕೇಳಿದ್ದು ಒಂದೇ: "ಅವಳಿಗೆ ಲಿಫ್ಟ್ ಇಷ್ಟಾನಾ?"

ಇಷ್ಟವೇ ಆಗಿತ್ತು. ಮನೆಯಲ್ಲಿ ಎಲ್ಲರೂ ಚೂಟಿ ಎಂದು ಕರೆಯುವ ಆ ಹುಡುಗಿ ಮೊದಲು ಅವನನ್ನು ಲಿಫ್ಟ್ ಅಂಕಲ್ ಎಂದಳು. ಮದುವೆಯಾದ ಆರು ತಿಂಗಳಿಗೆ, ಯಾರೂ ಹೇಳಿಕೊಡದೆ, ಲಿಫ್ಟಪ್ಪ ಎಂದಳು. ಈಗ ಮದುವೆಯಾಗಿ ಎರಡು ವರ್ಷ. ಅವನು ತನ್ನ ತಾಯಿಯ ಮುಖವನ್ನು ಎದುರೆದುರು ನೋಡಿ ಐದು ವರ್ಷ. ಪರವಾನಗಿಯ ಕಡತ ಇನ್ನೂ ವಿಚಾರಣೆಯಲ್ಲಿದ್ದು, ಅದು ಮುಗಿಯುವ ಮುನ್ನ ಅವನು ದೇಶ ಬಿಟ್ಟರೆ ಮೊದಲಿಂದ ಶುರು. ಹಾಗಾಗಿ ಅಮ್ಮನೇ ಬರಬೇಕು. ಅಮ್ಮನಿಗೆ ಎಪ್ಪತ್ತೆರಡು. ಒಬ್ಬಳೇ ವಿಮಾನ ಹತ್ತುವುದಿಲ್ಲ. ಅಕ್ಕ ಜೊತೆಗಿದ್ದರೆ ಮಾತ್ರ.

ಸಂಜೆ ಅವನು ಬಂದು, ಎಂದಿನಂತೆ ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಗ್ರೀಸ್ ತಿಕ್ಕಿ ತೊಳೆಯುತ್ತಿದ್ದ. ಚೂಟಿ ಒಳಗೆ ಲೆಕ್ಕದ ಪುಸ್ತಕದ ಮೇಲೆ ಬೋರಲು ಮಲಗಿ ಏನೋ ಹಾಡುತ್ತಿದ್ದಳು.

"ನಿಮ್ಮಮ್ಮನಿಗೆ ನನ್ನ ವಿಷಯ ಏನಂತ ಹೇಳಿದ್ದೀರಾ ನೀವು?"

ಅವನ ಕೈ ನಲ್ಲಿಯ ಕೆಳಗೇ ನಿಂತಿತು. ಅವರಿಬ್ಬರಲ್ಲಿ ಬಹುವಚನ ಅವನದು. ಕೌಂಟರಿನಲ್ಲಿ ಕಲಿತ 'ನೀವು', 'ಮೇಡಂ' ಎರಡನ್ನೂ ಅವನು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಅವಳು ಅವನನ್ನು ನೀನು ಎನ್ನುತ್ತಿದ್ದಳು. ಅವಳ ಬಾಯಲ್ಲಿ 'ನೀವು' ಬಂತೆಂದರೆ ಮನೆಯ ಹೆಂಚು ಹಾರುವ ಗಾಳಿ ಎದ್ದಿದೆ ಎಂದೇ ಅರ್ಥ.

"ಏನಾಯ್ತು ಮೇಡಂ?"

ಅವಳು ಕಾಗದ ಮುಂದಿಟ್ಟಳು. "ನಿಮ್ಮಮ್ಮ ಆಫೀಸರ್ ಮುಂದೆ, ನನ್ನ ಮಗನಿಗೆ ಎಂಟು ವರ್ಷದ ಮಗಳಿದ್ದಾಳೆ ಅಂದಿದ್ದಾರೆ. ಅಂದ್ರೆ ನನಗೆ ಮೊದಲೊಂದು ಮದುವೆ ಆಗಿತ್ತು ಅಂತ ನೀವು ಹೇಳೇ ಇಲ್ಲ. ನಾಚಿಕೆ ಆಯ್ತಾ? ಆಗಿದ್ರೆ ಮೂರು ವರ್ಷದ ಹಿಂದೇನೇ ಹೇಳ್ಬೋದಿತ್ತಲ್ಲ, ನಾನೇನು ಕೈ ಹಿಡ್ಕೊಂಡು ಎಳೆದಿರಲಿಲ್ಲ."

"ಹೇಳಿದ್ದೀನಿ. ಎಲ್ಲಾ ಹೇಳಿದ್ದೀನಿ."

"ಹಾಗಾದ್ರೆ ಅವರು ಯಾಕೆ ಹಾಗಂದ್ರು?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ತಿರಸ್ಕಾರದ ಪತ್ರದ ಹಿಂದೆ ಪಿನ್ ಮಾಡಿದ್ದ ಆಹ್ವಾನ ಪತ್ರದ ಪ್ರತಿಯನ್ನು ಓದತೊಡಗಿದ. ಕನ್ನಡ ಅಕ್ಷರಗಳನ್ನು ಅವನು ಕಲಿತದ್ದು ಚೂಟಿಯ ಜೊತೆ, ಅವಳದೇ ಪುಸ್ತಕದಲ್ಲಿ. ಈಗಲೂ ಬೆರಳಿಟ್ಟೇ ಓದುತ್ತಿದ್ದ. ಬೆರಳು ಒಂಬತ್ತನೇ ಕಾಲಂಗೆ ಬಂತು. ಮಗುವಿಗೂ ಗಂಡನಿಗೂ ಇರುವ ಸಂಬಂಧ. ನಾಲ್ಕು ಖಾನೆ.

"ಸ್ವಂತ ಮಗು. ದತ್ತು ಮಗು. ಮಲಮಗು. ಸಂ... ಬಂಧ... ಇಲ್ಲ."

ಟಿಕ್ ಇದ್ದದ್ದು ಕೊನೆಯ ಖಾನೆಗೆ.

ತುಂಬ ಹೊತ್ತು ಆ ಬೆರಳು ಅಲ್ಲಿಂದ ಏಳಲಿಲ್ಲ. ಒಳಗಿಂದ ಚೂಟಿಯ ಹಾಡು ಕೇಳುತ್ತಿತ್ತು.

"ಮೂರನೇ ಖಾನೆ ಖಾಲಿ ಇತ್ತಲ್ಲ ಮೇಡಂ," ಎಂದ ಅವನು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ಅವಳಿಗೆ. "ಅದಕ್ಕೂ ಹಾಕ್ಲಿಲ್ವಾ?"

"ದತ್ತು ಪತ್ರ ಇಲ್ಲ. ಕಾನೂನು ಪ್ರಕಾರ..."

"ಇದಕ್ಕೆ ನಾನು ಸೈನ್ ಮಾಡಿದ್ನಾ?"

"ಕೊನೇ ಪುಟದಲ್ಲಿ."

ದಿನಕ್ಕೆ ನಲವತ್ತು ಅರ್ಜಿ ತುಂಬುವವಳು ಅವಳು. ಖಾನೆ ತಪ್ಪುವ ಕೈ ಅಲ್ಲ ಅದು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ರಾತ್ರಿ ಮನೆಯಲ್ಲಿ ಮಾತಾಡಿದವಳು ಚೂಟಿ ಒಬ್ಬಳೇ.

ಮರುದಿನ ಭಾನುವಾರ. ಬೆಳಗಿನ ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಅವನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ತಾಯಿಗೆ ವಿಡಿಯೋ ಕರೆ ಮಾಡಿದ. "ನೀವೇ ಕೇಳಿ. ನಾನು ತರ್ಜುಮೆ ಅಷ್ಟೇ ಮಾಡ್ತೀನಿ. ಒಂದು ಪದಾನೂ ನನ್ನದು ಸೇರಿಸಲ್ಲ."

ಪರದೆಯಲ್ಲಿ ಮೊದಲು ಒಂದು ಹಣೆ ಕಾಣಿಸಿತು. ಅದು ಅತ್ತೆ. ಪಕ್ಕದಲ್ಲಿ ಒಂದು ಕಿವಿ. ಅದು ದೊಡ್ಡತ್ತೆ, ಅತ್ತೆಯ ಅಕ್ಕ. ಇಬ್ಬರೂ ಫೋನಿಗಾಗಿ ಕಿತ್ತಾಡಿ, ಅಂತೂ ಎರಡು ಅರ್ಧ ಮುಖಗಳು ಚೌಕಟ್ಟಿಗೆ ಬಂದವು.

"ನನಗೆ ಮೊದಲೊಂದು ಮದುವೆ ಆಗಿತ್ತು ಅಂತ ನಿಮಗೆ ಗೊತ್ತಿತ್ತಾ ಅತ್ತೆ?" ಎಂದು ಕೇಳಿದಳು ಅವಳು.

ಅವನು ತನ್ನ ಭಾಷೆಯಲ್ಲಿ ಹೇಳಿದ. ಅತ್ತೆ ಏನೋ ಅಂದರು. ಅವನು ತಿರುಗಿ ಅವಳನ್ನು ನೋಡಿ, ಹೇಳಿದಂತೆಯೇ ಒಂದು ಪದವನ್ನೂ ಸೇರಿಸದೆ, ಅಮ್ಮನ ಮಾತನ್ನು ಕನ್ನಡದಲ್ಲಿ ಇಟ್ಟ.

"ಗೊತ್ತಿಲ್ಲದೆ ಏನಮ್ಮಾ? ಮೊದಲ ದಿನಾನೇ ಹೇಳಿದ. ಹುಡುಗಿ ಮಗಳ ಕೈ ಹಿಡ್ಕೊಂಡು ಬರ್ತಾಳೆ ಅಂದ. ಸರಿ ಹಾಗಾದ್ರೆ, ನಮಗೆ ಮೊಮ್ಮಗಳು ಬಂದ್ಲು ಅಂದೆ. ಅದರಲ್ಲಿ ಬಿಡಿಸಿ ಹೇಳೋಕೆ ಏನಿದೆ?"

"ಆಫೀಸರ್ ಕೇಳಿದಾಗ..."

"ಕೇಳಿದ, ನಿನಗೆ ಮೊಮ್ಮಕ್ಕಳು ಎಷ್ಟು ಅಂತ. ಒಂದು ಅಂದೆ. ಸೊನ್ನೆ ಅನ್ಬೇಕಿತ್ತಾ?"

ಆಗ ದೊಡ್ಡತ್ತೆ ನಡುವೆ ಬಾಯಿ ಹಾಕಿದರು. ಅವರು ಹೇಳುತ್ತ ಹೋದಂತೆ ಅವನ ಮುಖ ಬದಲಾಯಿತು. ತರ್ಜುಮೆ ಮರೆತು ಏನೋ ಕೇಳಿದ, ಮತ್ತೆ ಕೇಳಿದ, ಆಮೇಲೆ ಕುರ್ಚಿಗೆ ಒರಗಿಬಿಟ್ಟ.

"ಏನಂತೆ?" ಎಂದು ಅವಳು ಅವನ ತೋಳು ಜಗ್ಗಿದಳು.

"ಜನನ ಪತ್ರದಲ್ಲಿ ತಪ್ಪಿಲ್ಲ ಮೇಡಂ. ದೊಡ್ಡಮ್ಮನ ತಂದೆ ಬೇರೆ. ನಮ್ಮಜ್ಜಿ ಎರಡನೇ ಮದುವೆಯಾಗಿ ಆ ಮನೆಗೆ ಬಂದಾಗ ದೊಡ್ಡಮ್ಮ ಮೂರು ವರ್ಷದವಳಂತೆ, ಅಜ್ಜಿಯ ಕೈ ಹಿಡ್ಕೊಂಡೇ ಬಂದಿದ್ದಂತೆ." ಅವನು ಮತ್ತೆ ಪರದೆ ನೋಡಿದ. "ನನಗೆ ಮೂವತ್ತೇಳು ವರ್ಷ. ಇವತ್ತಿನವರೆಗೂ ಗೊತ್ತೇ ಇರಲಿಲ್ಲ."

"ಯಾಕೆ ಹೇಳಲಿಲ್ಲ ಅಂತ ಕೇಳಿ."

ಅವನು ಕೇಳಿದ. ದೊಡ್ಡತ್ತೆ ಕೈಬೀಸಿ ನಕ್ಕರು.

"ಮುಚ್ಚಿಟ್ಟಿದ್ರೆ ತಾನೇ ಹೇಳೋದು? ಅದೊಂದು ವಿಷಯ ಅಂತಾನೇ ನೆನಪಿರಲಿಲ್ಲ ಕಣಮ್ಮ. ಇವಳ ಜೊತೆ ಎಪ್ಪತ್ತು ವರ್ಷದಿಂದ ಜಗಳ ಆಡ್ತಿದ್ದೀನಿ. ಒಂದು ದಿನಾನೂ ಅರ್ಧ ಜಗಳ ಆಡಿಲ್ಲ, ಪೂರ್ತಿನೇ ಆಡಿದ್ದು."

ಅವಳಿಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಅತ್ತೆ ಪರದೆಗೆ ಇನ್ನಷ್ಟು ಹತ್ತಿರ ಬಂದು, ಬರೀ ಕಣ್ಣಾಗಿ, ಏನೋ ಹೇಳಿದರು. ಅವನು ತಲೆ ತಗ್ಗಿಸಿ ತರ್ಜುಮೆ ಮಾಡಿದ.

"ಎರಡನೇ ಸಲಾನೂ ನಾನು ಒಂದು ಅಂತಾನೇ ಹೇಳೋದು. ಆ ಇನ್ನೊಂದು ಪದ ನನ್ನ ಬಾಯಲ್ಲಿ ಬರಲ್ಲ. ಬಂದ್ರೆ ಈ ಪಕ್ಕದಲ್ಲಿ ಕೂತವಳ ಮುಖ ನಾನು ಹ್ಯಾಗೆ ನೋಡ್ಲಿ? ವೀಸಾ ಬರದಿದ್ರೆ ಬೇಡ."

ಕರೆ ಮುಗಿದ ಮೇಲೆ ಅವಳು ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆ ಹರಳುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ತೆಗೆಯುತ್ತಿದ್ದಳು.

"ಕೈ ತಪ್ಪಿ ಹಾಕಿದ್ದಲ್ಲ ಆ ಟಿಕ್," ಎಂದಳು.

"ಗೊತ್ತು."

"ಒಬ್ಬ ಹೋದ. ಹೋಗೋವಾಗ ಆರು ತಿಂಗಳು ಕೋರ್ಟು, ಕಾಗದ, ಆ ಕಾಗದ, ಈ ಕಾಗದ ಅಂತ ನನ್ನನ್ನೂ ಎಳೆದ, ಮಗೂನೂ ಎಳೆದ. ಅದಕ್ಕೇ... ನಿನಗೂ ಒಂದು ದಿನ ಹೋಗೋಣ ಅನ್ನಿಸಿದ್ರೆ ಯಾವ ಕಾಗದಾನೂ ನಿನ್ನ ಕಾಲಿಗೆ ಸುತ್ಕೋಬಾರ್ದು ಅಂತ. ಬಾಗಿಲು ತೆಗೆದಿಟ್ಟೆ. ಅಷ್ಟೇ."

'ನೀನು' ವಾಪಸ್ ಬಂದದ್ದನ್ನು ಅವನು ಗಮನಿಸಿದ. ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಸಕ್ಕರೆ ಅಂಟಿದ ಅವಳ ಬೆರಳನ್ನು ತನ್ನ ಒರಟು ಅಂಗೈಯಲ್ಲಿ ಮುಚ್ಚಿಕೊಂಡ. ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ಉಳಿಯುವ ಆ ಕಪ್ಪು ಗೆರೆಯನ್ನು ಅವಳು ನೋಡುತ್ತ ಕೂತಳು.

"ನಮ್ಮ ಕೆಲಸದಲ್ಲಿ ಮೊದಲನೇ ಪಾಠ ಏನು ಗೊತ್ತಾ ಮೇಡಂ? ಬಾಗಿಲು ತೆಗೆದಿದ್ರೆ ಲಿಫ್ಟ್ ಚಲಿಸಲ್ಲ. ಎಷ್ಟು ಗುಂಡಿ ಒತ್ತಿದ್ರೂ ಅಲ್ಲೇ ನಿಂತಿರುತ್ತೆ." ಅವನು ತುಸು ತಡೆದ. "ಎರಡು ವರ್ಷದಿಂದ ನಾನು ಒಳಗೇ ಇದ್ದೀನಿ. ನೀವು ಬಾಗಿಲು ಹಾಕ್ಲಿ ಅಂತ ಕಾಯ್ತಾ ಇದ್ದೀನಿ."

ಅವಳು ಹಣೆಯನ್ನು ಅವನ ಭುಜಕ್ಕೆ ಊರಿದಳು. ಅಂಗಿಯಲ್ಲಿ ಸೋಪಿನ ಪುಡಿಯ ವಾಸನೆ ಇತ್ತು.

"ಏನ್ ಮಾಡ್ತಿದ್ದೀರಾ ಇಬ್ರೂ?" ಬಾಗಿಲಲ್ಲಿ ಚೂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಕ್ಕರೆ ಆರಿಸ್ತಿದ್ದೀವಿ," ಎಂದ ಅವನು.

"ಸುಳ್ಳು ಬೇರೆ!" ಎಂದು ಅವಳು ಮಧ್ಯೆ ನುಗ್ಗಿ ಕೂತಳು.

ಸೋಮವಾರ ನೋಟರಿ ಮಾಮ ತಮ್ಮ ಅನುಭವವನ್ನೆಲ್ಲ ಧಾರೆ ಎರೆದರು. "ಹಟ ಮಾಡೋ ಜಾಗ ಅಲ್ಲ ತಾಯಿ ಅದು. ಅತ್ತೆಗೆ ಮಲಮಗಳು ಅನ್ನೋ ಒಂದೇ ಒಂದು ಪದ ಬಾಯಿಪಾಠ ಮಾಡಿಸು. ಆಫೀಸರ್ ಕೇಳ್ತಾನೆ, ಅವರು ಹೇಳ್ತಾರೆ, ಠಸ್ಸೆ ಬೀಳುತ್ತೆ. ಎರಡು ವರ್ಷ ಕಾಯೋದು ಎಪ್ಪತ್ತೆರಡರ ಜೀವಕ್ಕೆ ಹುಡುಗಾಟ ಅಲ್ಲ."

"ಆ ಪದ ಅವರು ಹೇಳಲ್ಲ ಮಾಮ."

"ಮತ್ತೆ?"

"ನಾನು ಹೇಳ್ತೀನಿ."

ಅವಳು ಮೂರನೇ ಖಾನೆಗೆ ಟಿಕ್ ಹಾಕಿದಳು. ಕಾನೂನಿಗೆ ಕಾನೂನಿನ ಪಾಲು ಕೊಡಬೇಕು. ಆಮೇಲೆ ಖಾಲಿ ಹಾಳೆಯೊಂದನ್ನು ತೆರೆದಳು. ಹನ್ನೊಂದು ವರ್ಷದ ಕೆಲಸದಲ್ಲಿ ಯಾವ ಅರ್ಜಿಗೂ ಅವಳು ಕತೆ ಸೇರಿಸಿದವಳಲ್ಲ. ಗಿರಾಕಿಗಳು ಬೆಂಚಿನ ಮೇಲೆ ಕೆಮ್ಮುತ್ತ ಕಾಯುತ್ತಿದ್ದಂತೆ, ಬರೆದು, ಅಳಿಸಿ, ಮತ್ತೆ ಬರೆದಳು.

'ಕಳೆದ ಅರ್ಜಿಯಲ್ಲಿ ಸಂಬಂಧ ಇಲ್ಲ ಎಂದು ಗುರುತು ಹಾಕಿದವಳು ನಾನು. ಅದು ನನ್ನ ಗಂಡನ ತಪ್ಪಲ್ಲ, ಅತ್ತೆಯ ತಪ್ಪೂ ಅಲ್ಲ. ಕಾನೂನಿನ ಪ್ರಕಾರ ನನ್ನ ಮಗಳು ಅವರಿಗೆ ಮಲಮಗಳು. ಈಗ ಹಾಗೆಯೇ ಸರಿಪಡಿಸಿದ್ದೇನೆ. ಆದರೆ ನನ್ನ ಅತ್ತೆ ನಿಮ್ಮ ಮುಂದೆ ಆ ಪದ ಹೇಳುವುದಿಲ್ಲ. ದಯವಿಟ್ಟು ಅದನ್ನು ಸುಳ್ಳೆಂದು ತಿಳಿಯಬೇಡಿ. ಅವರ ಜೊತೆ ಬಂದಿರುವ ಅಕ್ಕನ ಜನನ ಪತ್ರವನ್ನು ಇನ್ನೊಮ್ಮೆ ನೋಡಿ. ತಾಯಿ ಒಬ್ಬಳೇ, ತಂದೆ ಬೇರೆ. ತಾಯಿಯ ಕೈ ಹಿಡಿದು ಆ ಮನೆಗೆ ಬಂದ ಮಗು ಆಕೆ. ಎಪ್ಪತ್ತು ವರ್ಷ ಆಕೆಯನ್ನು ಅಕ್ಕ ಎಂದವರು, ಈಗ ನನ್ನ ಮಗಳನ್ನು ಬೇರೆ ಹೆಸರಿನಿಂದ ಕರೆಯಲಾರರು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಒಬ್ಬರು ಉತ್ತರ ಹೇಳುವುದರೊಳಗೆ ಇನ್ನೊಬ್ಬರು ತಿದ್ದುತ್ತಾರೆ. ಅದಕ್ಕಿಂತ ದೊಡ್ಡ ದಾಖಲೆ ನನ್ನ ಬಳಿ ಇಲ್ಲ.'

ನೋಟರಿ ಮಾಮ ಓದಿದರು. ಕನ್ನಡಕ ತೆಗೆದು ಒರೆಸಿದರು. "ಧೂಳು," ಎಂದರು. ಠಸ್ಸೆ ಒತ್ತಿದರು.

ಅದಾಗಿ ಇಪ್ಪತ್ತೊಂದು ದಿನ. ಸಂದರ್ಶನದ ದಿನ ಅವಳ ಕೈಯಲ್ಲಿ ಮೂರು ಅರ್ಜಿ ಹಾಳಾದವು. ಮಧ್ಯಾಹ್ನ ಎರಡೂವರೆಗೆ ಫೋನ್ ಗುನುಗಿತು. ಅತ್ತೆಯ ವಿಡಿಯೋ ಕರೆ, ನೇರ ಅವಳಿಗೇ. ಮಗ ಸಿಕ್ಕಿರಲಿಲ್ಲ, ಲಿಫ್ಟಿನ ಬಾವಿಯೊಳಗೆ ಸಿಗ್ನಲ್ ಇರುವುದಿಲ್ಲ.

ನಡುವೆ ತರ್ಜುಮೆ ಮಾಡುವವರಿಲ್ಲ. ಅತ್ತೆ ಏನೇನೋ ಹೇಳುತ್ತಿದ್ದರು, ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಪರದೆ ತುಂಬ ಏನೋ ಮಸಕು, ಆಮೇಲೆ ಅತ್ತೆಯ ಗಲ್ಲ, ಮತ್ತೆ ಮಸಕು. ದೊಡ್ಡತ್ತೆ ಬೈದು ಫೋನ್ ಕಿತ್ತುಕೊಂಡು ಹಿಂದೆ ಸರಿಸಿದರು. ಮಸಕು ತಿಳಿಯಾಗಿ ಪಾಸ್‌ಪೋರ್ಟಿನ ಪುಟವಾಯಿತು, ತಲೆಕೆಳಗಾಗಿ. ಪುಟದ ಮೇಲೆ ಹಸಿರು ಅಂಚಿನ ವೀಸಾ ಚೀಟಿ. ಸಾವಿರ ಸಲ ಬೇರೆಯವರ ಪುಟದಲ್ಲಿ ಅವಳು ನೋಡಿದ್ದ ಚೀಟಿ.

ಅವಳು ಒಂದು ಬೆರಳೆತ್ತಿ, ಕಣ್ಣಲ್ಲೇ ಕೇಳಿದಳು. ದೊಡ್ಡತ್ತೆ ಎರಡು ಬೆರಳು ಎತ್ತಿದರು.

"ಮಾಮ, ಕೌಂಟರ್ ನೋಡ್ಕೊಳ್ಳಿ!" ಎಂದವಳು ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಓಡಿದಳು.

ಎರಡು ಬೀದಿ ಆಚೆಯ ಏಳಂತಸ್ತಿನ ಕಟ್ಟಡ. ಕೆಳಗೆ ಲಿಫ್ಟಿನ ಮುಂದೆ 'ಕೆಲಸ ನಡೆಯುತ್ತಿದೆ' ಎಂಬ ಹಳದಿ ಫಲಕ, ಅದರ ಸುತ್ತ ಚೀಲ ಹಿಡಿದು ಗೊಣಗುವ ನಾಲ್ಕು ಜನ. "ಆರನೇ ಮಹಡೀಲಿದಾರೆ ಮೇಡಂ," ಎಂದ ವಾಚ್‌ಮನ್. ಲಿಫ್ಟ್ ಮೆಕ್ಯಾನಿಕ್ಕನ ಹೆಂಡತಿ ಆರು ಮಹಡಿ ಮೆಟ್ಟಿಲು ಹತ್ತಿದಳು.

ಆರನೆಯದರಲ್ಲಿ ಬಾಗಿಲು ತೆರೆದಿತ್ತು, ಅಡ್ಡಲಾಗಿ ಕಬ್ಬಿಣದ ಕಟಕಟೆ. ಒಳಗೆ ಕತ್ತಲು, ಎಣ್ಣೆಯ ವಾಸನೆ, ಉಕ್ಕಿನ ಹಗ್ಗಗಳು. ಕೆಳಗೆಲ್ಲೋ ಒಂದು ಪುಟ್ಟ ದೀಪ, ಅವನ ಹೆಲ್ಮೆಟ್ಟಿನದು.

"ಏನಪ್ಪಾ, ಮೇಲೆ ಬಾ!"

"ಮೇಡಂ? ಹಿಂದೆ ನಿಲ್ಲಿ! ಕಟಕಟೆ ಮುಟ್ಟಬೇಡಿ!"

ಅವನು ರಿಪೇರಿಯವರಿಗಷ್ಟೇ ಇರುವ ಕೀಲಿ ತಿರುಗಿಸಿದ; ಬಾಗಿಲು ತೆರೆದಿದ್ದರೂ ಯಂತ್ರ ಗುಂಯ್ ಎಂದಿತು. ಲಿಫ್ಟಿನ ನೆತ್ತಿಯ ಮೇಲೆ ನಿಂತಿದ್ದ ಅವನು ಇಂಚಿಂಚಾಗಿ ಮೇಲೇರಿ ಬಂದ: ಮೊದಲು ದೀಪ, ಆಮೇಲೆ ಹೆಲ್ಮೆಟ್ಟು, ಕೆನ್ನೆಯ ಮೇಲೊಂದು ಗ್ರೀಸ್ ಗೆರೆ, ಗಾಬರಿ ತುಂಬಿದ ಎರಡು ಕಣ್ಣು. ಏದುಸಿರಲ್ಲಿ ಅವಳಿಗೆ ಮಾತು ಹೊರಡಲಿಲ್ಲ. ಎರಡು ಬೆರಳು ಎತ್ತಿದಳು.

ಅವನು ಕಟಕಟೆ ದಾಟಿ ಬಂದು ನೆಲದ ಮೇಲೆ ಕೂತೇಬಿಟ್ಟ. ಹೆಲ್ಮೆಟ್ ತೆಗೆದ. ಕೆಳಗಿನ ತುಟಿ ಕಚ್ಚಿ ಗೋಡೆ ನೋಡಿದ. ಅವಳು ಪಕ್ಕದಲ್ಲಿ ಕೂತು, ಗ್ರೀಸ್ ಮೆತ್ತಿದರೆ ಮೆತ್ತಲಿ ಎಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ, ಕಿಟಕಿಯ ಬಳಿ ಸಿಗ್ನಲ್ ಹುಡುಕಿ, ಅಮ್ಮನಿಗೆ ಫೋನ್ ಮಾಡಿದ. ಅತ್ತ ಕಡೆಯಿಂದ ಇಬ್ಬರ ದನಿಯೂ ಒಂದರ ಮೇಲೊಂದು ಬಿದ್ದು ಕೇಳಿಸಿತು. ಅವನು ನಗುತ್ತ, ಮೂಗು ಒರೆಸಿಕೊಳ್ಳುತ್ತ ಅವಳಿಗೆ ಹೇಳಿದ. "ಆಫೀಸರ್ ನಿಮ್ಮ ಕಾಗದ ಇಟ್ಕೊಂಡೇ ಕೂತಿದ್ನಂತೆ. ಮಗು ಮಗನದಾ ಸೊಸೇದಾ ಅಂತ ಕೇಳಿದ್ನಂತೆ. ಅಮ್ಮ ಹೇಳಿದ್ಲಂತೆ, ನಾನು ನೋಡೋಕೆ ಹೋಗ್ತಿರೋದೇ ಅವಳನ್ನ, ಮಗ ಸೊಸೆ ಅಲ್ಲಿ ಇರ್ತಾರೆ ಅಷ್ಟೇ ಅಂತ. ದೊಡ್ಡಮ್ಮ ತಕ್ಷಣ, ಸುಳ್ಳು ಸಾರ್, ಮಗನ ನೆನಪಲ್ಲಿ ದಿನಾ ಅಳ್ತಾಳೆ ಅಂದ್ಲಂತೆ. ಅಲ್ಲೇ ಇಬ್ಬರಿಗೂ ಜಗಳ. ಆಫೀಸರ್ ಠಸ್ಸೆ ಒತ್ತಿ, ದಯವಿಟ್ಟು ಹೊರಗೆ ಹೋಗಿ ಆಡ್ಕೊಳ್ಳಿ ಅಂದ್ನಂತೆ."

ಅವಳು ನಗುತ್ತಿದ್ದಂತೆ ಫೋನಿನಲ್ಲಿ ಅತ್ತೆ ಮತ್ತೇನೋ ಕೇಳಿದರು. ಅವನು ಥಟ್ಟನೆ ಉತ್ತರ ಕೊಟ್ಟು, ಇನ್ನೇನೋ ಸೇರಿಸಿ, ಫೋನಿಟ್ಟ.

"ಏನ್ ಕೇಳಿದ್ರು?"

"ಚೂಟಿಗೆ ಶೂ ತರ್ತಾಳಂತೆ. ಅಳತೆ ಕೇಳಿದ್ಲು. ಮೂವತ್ತೆರಡು ಅಂದೆ. ಎಡಗಾಲಿಗೆ ತಕ್ಕ ಹಾಗೆ ತಗೋ ಅಂದೆ."

"ಎಡಗಾಲಿಗೆ ಯಾಕೆ?"

"ಅದು ಸ್ವಲ್ಪ ದೊಡ್ಡದಲ್ವಾ."

ಅವಳು ಅವನನ್ನೇ ನೋಡಿದಳು. ಹೆತ್ತವಳು ಅವಳು. ಎಂಟು ವರ್ಷ ಆ ಪಾದಗಳನ್ನು ತೊಳೆದವಳು, ಒರೆಸಿದವಳು, ಮುತ್ತಿಟ್ಟವಳು. ಅವಳಿಗೆ ಗೊತ್ತಿರಲಿಲ್ಲ.

"ಯಾಕೆ ಮೇಡಂ ಹಾಗೆ ನೋಡ್ತಿದ್ದೀರಾ?"

"ನಿನಗೆ ಹೇಗೆ ಗೊತ್ತಾಯ್ತು?"

"ಒಂದು ನೂಲಷ್ಟು ಅಷ್ಟೇ. ಬರೀ ನೋಡಿದ್ರೆ ತಿಳಿಯಲ್ಲ." ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಎದ್ದ. "ದಿನಾ ಬೆಳಗ್ಗೆ ಲೇಸ್ ಕಟ್ಟೋನಿಗೆ ತಿಳಿಯುತ್ತೆ."